ಸರೋಜಮ್ಮನವರ ಸೋಬಾನೆ ಹಾಡುಗಳು

ಕುವೆಂಪುನಗರದ ನಿವೃತ್ತ ಟೀಚರ್ ಸರೋಜಮ್ಮನವರ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಹೋಗಿದ್ದೆ. ತೀರಿಹೋದ ತಾಯಿ ಹೇಳಿಕೊಟ್ಟಿದ್ದ ಸೋಬಾನೆ ಹಾಡುಗಳನ್ನೆಲ್ಲ ಅವರು ಅದರಲ್ಲಿ ಟೈಪ್ ಮಾಡಿಟ್ಟಿದ್ದರು.

“ಎಲ್ಲಾ ಸಿ.ಡಿ.ಗೆ ಹಾಕಿದ್ದೀನಿ, ಇದರಲ್ಲಿ ಅಳಿಸಿಹೋದ್ರೂ ಭಯ ಬೇಡ ಮೇಡಂ,” ಎಂದೆ.

“ಬೇರೆ ಕಂಪ್ಯೂಟರಲ್ಲಿ ತೆಗೆದು ತೋರಿಸ್ಬುಡಿ ಕಣ್ರೀ. ಆಮೇಲೆ ಏನ್ ಬೇಕಾದ್ರೂ ಮಾಡಿ.”

ನನಗೆ ಸ್ವಲ್ಪ ಮುನಿಸೇ ಬಂತು. ಆದರೂ ಅವರ ಜೊತೆ ಹೋಗಿ ಪಕ್ಕದ ಮನೆಯ ಗೌರಮ್ಮನವರ ಕಂಪ್ಯೂಟರಿಗೆ ಸಿ.ಡಿ. ಹಾಕಿದರೆ, ಖಾಲಿ! ಪುಣ್ಯಕ್ಕೆ ಅಪ್‌ಡೇಟ್ ಇನ್ನೂ ಶುರು ಮಾಡಿರಲಿಲ್ಲ. ಓಡಿಹೋಗಿ ಇನ್ನೊಂದು ಸಿ.ಡಿ. ಬರೆದು ತಂದೆ. ಈ ಸಲ ಹಾಡುಗಳು ತೆರೆದುಕೊಂಡವು.

“ಹೋಗಿ, ಈಗ ಮಾಡ್ಕೊಳ್ಳಿ,” ಎಂದು ನನ್ನನ್ನು ಕಳಿಸಿದ ಸರೋಜಮ್ಮ, ಖುಷಿಗೆ ಅಲ್ಲೇ ಹಾಡತೊಡಗಿದರು. ಗೌರಮ್ಮನೂ ದನಿಗೂಡಿಸಿದರು.

ಅಪ್‌ಡೇಟ್ ಸಲೀಸಾಗಿ ಮುಗಿಯಿತು. ಹಾಡು ಮುಗಿದಿರಲಿಲ್ಲ. ಕೆಲಸ ಆಯಿತೆಂದು ಹೇಳಲು ಗೌರಮ್ಮನವರ ಬಾಗಿಲಲ್ಲಿ ನಿಂತು ಒಂದಿಡೀ ಸೋಬಾನೆ ಕೇಳಬೇಕಾಯಿತು.