ಬ್ರೇಕ್ ಎಣ್ಣೆಯ ಡಬ್ಬಿಗೆ ನಾನು ಸುರಿದದ್ದು

ಆ ಕಾರಿನ ಬ್ರೇಕ್ ಕೆಡಿಸಿದವಳು ನಾನು. ನಾರಾಯಣ ಮಿಸ್ತ್ರಿಯವರಲ್ಲ. ಹತ್ತೊಂಬತ್ತು ವರ್ಷಗಳಿಂದ ಇದು ನನಗೆ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ.

ಕಾರು ನಮ್ಮ ಮಾವನವರದು, ಬಿಳಿ ಕಾಂಟೆಸ್ಸಾ. ಅವರು ತೀರಿಕೊಂಡ ಮೇಲೆ ಅದನ್ನು ಹೆಚ್ಚಾಗಿ ಓಡಿಸಿದವಳು ನಾನೇ. ಬೆಳಗಾವಿಯ ಮಹಾಂತೇಶ ನಗರದ ಮನೆಯಿಂದ ಖಾನಾಪುರದ ಕಚೇರಿಗೆ ದಿನಾಲೂ ಹೋಗಿಬರುತ್ತಿದ್ದೆ. ಹಾಗಾಗಿ ರಿಪೇರಿಯೂ ಅಲ್ಲೇ, ನಾರಾಯಣ ಮಿಸ್ತ್ರಿಯವರ ಗ್ಯಾರೇಜಿನಲ್ಲಿ. ಅವರ ಮನೆಮಾತು ಮರಾಠಿ, ನನ್ನ ಜೊತೆ ಕನ್ನಡ. ಬ್ರೇಕ್ ಕೆಲಸ ಮುಗಿದ ಮೇಲೆ ತಾವೇ ಊರ ಹೊರಗಿನ ತನಕ ಓಡಿಸಿ ನೋಡದೆ ಅವರು ಯಾರಿಗೂ ಕೀಲಿ ಕೊಡುತ್ತಿರಲಿಲ್ಲ.

ಆ ಸಲ ಬ್ರೇಕ್ ಕೆಲಸ ಮಾಡಿಸಿದಾಗಲೂ ಹಾಗೆಯೇ ಓಡಿಸಿ ನೋಡಿ ಕೊಟ್ಟರು. “ಪೈಪಿನಾಗಿನ ಗಾಳಿ ಹೋಗಿ ಎಣ್ಣಿ ಸ್ವಲ್ಪ ಇಳೀತೈತ್ರಿ ಬಾಯಾರ. ಎಂಟ್ ದಿನ ಬಿಟ್ಟು ಒಮ್ಮಿ ಬಂದು ತೋರ್ಸಿ ಹೋಗ್ರಿ,” ಅಂದಿದ್ದರು. ನಾನು ಹೋಗಲಿಲ್ಲ. ಹದಿನೈದು ದಿನವಾದ ಮೇಲೆ ಒಂದು ಬೆಳಿಗ್ಗೆ ಕೆಂಪು ದೀಪ ಹತ್ತಿತು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಎಣ್ಣೆ ಇಳಿದಿತ್ತು. ಮನೆಯಲ್ಲಿ ಇಂಜಿನ್ ಆಯಿಲ್ ಉಳಿದಿತ್ತು. ಎಣ್ಣೆ ಎಂದರೆ ಎಣ್ಣೆಯೇ ಎಂದುಕೊಂಡೆ — ಅಷ್ಟು ಕೂಡ ಯೋಚಿಸಲಿಲ್ಲ; ಕಚೇರಿಗೆ ತಡವಾಗಿತ್ತು, ಅದನ್ನೇ ಬ್ರೇಕ್ ಎಣ್ಣೆಯ ಡಬ್ಬಿಗೆ ಸುರಿದೆ. ದೀಪ ಆರಿತು.

ಮುಂದಿನ ಭಾನುವಾರ ನಾವು ಗಂಡ-ಹೆಂಡತಿ ಜಾಂಬೋಟಿ ಕಡೆಯಿಂದ ಮರಳುತ್ತಿದ್ದೆವು. ನಾನೇ ಓಡಿಸುತ್ತಿದ್ದೆ, ನಮ್ಮ ಮನೆಯವರು ಪಕ್ಕದಲ್ಲಿ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಎಡಗಡೆಯ ಚಕ್ರ ಮಾತ್ರ ಹಿಡಿಯಿತು. ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಗದ್ದೆಯ ಬದುವಿನ ಮರಕ್ಕೆ ಬಡಿಯಿತು. ನನಗೆ ಏನೂ ಆಗಲಿಲ್ಲ. ಅವರ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು.

ಎಂಟನೆಯ ದಿನ, ಅವರು ನೆಹರು ನಗರದ ಆಸ್ಪತ್ರೆಯಲ್ಲಿರುವಾಗ, ಎಳೆತಂದು ಮನೆ ಮುಂದೆ ನಿಲ್ಲಿಸಿದ್ದ ಕಾರಿನಿಂದ ಕಾಗದಪತ್ರ ತೆಗೆಯಲು ಹೋದೆ. ಬಾನೆಟ್ ಬಾಗಿ ತೆರೆದುಕೊಂಡಿತ್ತು. ಬ್ರೇಕ್ ಎಣ್ಣೆ ಡಬ್ಬಿಯ ಮುಚ್ಚಳ ಕಂಡಿತು. ಬ್ರೇಕ್ ಎಣ್ಣೆ ಬಿಟ್ಟು ಬೇರೇನನ್ನೂ ಹಾಕಬಾರದು ಎಂದು ಅದರ ಮೇಲೆಯೇ ಬರೆದಿತ್ತು. ಓದಿದೆ. ಕಾಗದ ತೆಗೆದುಕೊಂಡು ಒಳಗೆ ಬಂದೆ.

ಮೂರು ತಿಂಗಳ ಮೇಲೆ, ಕೋಲು ಹಿಡಿದು ನಡೆಯುವಂತಾದಾಗ, ನಮ್ಮ ಮನೆಯವರು ಬಾಡಿಗೆ ಕಾರು ಮಾಡಿಕೊಂಡು ಖಾನಾಪುರಕ್ಕೆ ಹೋದರು. ನಾನೂ ಹೋದೆ. ಗ್ಯಾರೇಜಿನ ಪಕ್ಕದ ಚಹಾದಂಗಡಿಯಲ್ಲಿ ನಾಲ್ಕೈದು ಜನ ಕೂತಿದ್ದರು. ಅವರ ಮುಂದೆಯೇ ನಮ್ಮ ಮನೆಯವರು ನಾರಾಯಣ ಮಿಸ್ತ್ರಿಯವರಿಗೆ ಬೈದರು — ಕೈಯಲ್ಲಿ ಕೆಲಸ ಇಲ್ಲದವ, ಮಂದಿ ಜೀವ ತೆಗೆಯುವವ ಎಂದೆಲ್ಲ. ಮಿಸ್ತ್ರಿಯವರು ಕೈ ಒರೆಸಿಕೊಂಡು ಹತ್ತಿರ ಬಂದರು.

“ಗಾಡಿ ಒಮ್ಮಿ ತೋರಸ್ರಿ ಸಾಹೇಬ್ರ, ಬಿಚ್ಚಿ ನೋಡ್ತೀನಿ.”

“ಇನ್ನ ನೀ ಅದನ್ನ ಮುಟ್ಟಬ್ಯಾಡ.”

ಆಗ ಮಿಸ್ತ್ರಿಯವರು ನನ್ನ ಕಡೆ ತಿರುಗಿದರು. “ಬಾಯಾರ, ನಡುವ ಯಾರರ ಎಣ್ಣಿ ಗಿಣ್ಣಿ ಹಾಕಿದ್ರೇನ್ರಿ?”

“ಇಲ್ಲ,” ಅಂದೆ.

ಅವರು ತಮ್ಮ ಎರಡೂ ಕೈ ನೋಡಿಕೊಂಡರು. “ಹಂಗಾದ್ರ ನನ್ನ ಕೈನಽ ತಪ್ಪಿರಬೇಕ್ರಿ,” ಅಂದರು.

ಅವತ್ತಿನಿಂದ ಅವರು ಯಾರ ಗಾಡಿಯ ಬ್ರೇಕನ್ನೂ ಮುಟ್ಟಲಿಲ್ಲ. ಬಂದವರನ್ನು ಬೆಳಗಾವಿಗೆ ಕಳಿಸುತ್ತಿದ್ದರು. ಕ್ರಮೇಣ ಉಳಿದ ಕೆಲಸವೂ ಕಡಿಮೆಯಾಗಿ ಪಂಕ್ಚರ್ ಅಂಗಡಿಯಾಯಿತು. ನನಗೆ ವರ್ಗವಾಗುವ ತನಕ ಬಸ್ಸಿನಲ್ಲಿ ಅದರ ಮುಂದೆಯೇ ಹಾಯುತ್ತಿದ್ದೆ — ಕಿಟಕಿ ಆ ಕಡೆ ಇದ್ದ ದಿನ ಕಣ್ಣು ಮುಚ್ಚಿ ಕೂರುತ್ತಿದ್ದೆ. ಹೇಳಬಹುದಾಗಿದ್ದ ದಿನಗಳು... ಎಷ್ಟೋ ಇದ್ದವು.

ಈ ವರ್ಷ ನಮ್ಮ ಮನೆಯವರಿಗೆ ಅಂದಿನಿಂದ ನಿಂತೇ ಇದ್ದ ಆ ಕಾರನ್ನು ಮತ್ತೆ ನಡೆಸಬೇಕೆಂಬ ಹಂಬಲ ಹುಟ್ಟಿತು. ಸಂಜೀವ ಎಂಬ ಮೆಕ್ಯಾನಿಕ್ ಮನೆಗೇ ಬಂದ. ಚಕ್ರ ಬಿಚ್ಚಿ, ಮುಂದಿನ ಎರಡೂ ಕ್ಯಾಲಿಪರ್ ಕಳಚಿದ — ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡು ಬದಿಯಿಂದ ಒತ್ತಿ ನಿಲ್ಲಿಸುವ ಇಕ್ಕಳದಂಥ ಭಾಗ ಅದು. ಒಳಗಿನ ಪಿಸ್ಟನ್ ತುಕ್ಕು ಹಿಡಿದು ಕೂತಿತ್ತು. ಗಾಳಿ ಹೊಡೆದು ಹೊರಗೆ ತಂದ. ಅದರ ಸುತ್ತಲಿನ ರಬ್ಬರ್ ಉಂಗುರವನ್ನು ಬೆರಳಲ್ಲಿ ಹಿಚುಕಿ ನೋಡಿದ. ಅದು ನೆನೆದ ಕಡಲೆಯ ಹಾಗೆ ಉಬ್ಬಿತ್ತು.

“ಇದಕ್ಕ ಯಾರೋ ಇಂಜಿನ್ ಆಯಿಲ್ ಹಾಕ್ಯಾರ್ರೀ. ರಬ್ಬರ್ ಉಬ್ಬಿ ಪಿಸ್ಟನ್ ಹಿಡದೈತಿ.”

“ಆ ಖಾನಾಪುರದವಂದಽ ಕೆಲಸ,” ಅಂದರು ನಮ್ಮ ಮನೆಯವರು.

ನಾನು ಬಾಗಿಲಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ — ಸಂಜೀವ ಹೋಗುವ ತನಕ. ಆಮೇಲೆ ನಮ್ಮ ಮನೆಯವರಿಗೆ ಹೇಳಿದೆ. “ನಾ ಅವನಿಗೆ ಏನೇನ್ ಅಂದಿದ್ನಲ್ಲ... ನೀ ಬಾಜೂಕನಽ ನಿಂತಿದ್ದಿ,” ಅಂದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ನಾನೊಬ್ಬಳೇ ಖಾನಾಪುರಕ್ಕೆ ಹೋದೆ. ನಾರಾಯಣ ಮಿಸ್ತ್ರಿಯವರ ತಲೆಗೂದಲೆಲ್ಲ ಬೆಳ್ಳಗಾಗಿತ್ತು, ಆದರೂ ನನ್ನ ಗುರುತು ಹಿಡಿದರು. “ಬರ್ರಿ ಬಾಯಾರ, ಕುಂದರ್ರಿ.” ನಾನು ಕೂರಲಿಲ್ಲ. ಆ ಉಬ್ಬಿದ ರಬ್ಬರ್ ಉಂಗುರವನ್ನು ಅವರ ಕೈಗೆ ಕೊಟ್ಟೆ. ನಾನು ಹೇಳುವ ಮೊದಲೇ ಅವರ ಬೆರಳಿಗೆ ತಿಳಿಯಿತು.

“ಯಾರು ಹಾಕಿದ್ರು?”

“ನಾನು.”

“ನಾ ಕೇಳ್ದಾಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

ಅವರು ಉಂಗುರವನ್ನು ಕಟ್ಟೆಯ ಮೇಲಿಟ್ಟು ಟ್ಯೂಬಿನ ಕೆಲಸಕ್ಕೆ ಕೈ ಹಚ್ಚಿದರು. ತಲೆ ಎತ್ತದೆ, “ಅವತ್ತ ನಾಲ್ಕ್ ಮಂದಿ ಮುಂದ ಇಲ್ಲ ಅಂದಿದ್ರಿ. ಇವತ್ತ ನನಗ ಒಬ್ಬಗ ಹೇಳಾಕತ್ತೀರಿ,” ಅಂದರು.

ನಾನು ಪಕ್ಕದ ಚಹಾದಂಗಡಿಗೆ ಹೋಗಿ, ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ. ಕನ್ನಡದಲ್ಲಿ ಒಮ್ಮೆ, ನನ್ನ ಹರಕು ಮರಾಠಿಯಲ್ಲಿ ಒಮ್ಮೆ. ಅಂದು ಅಲ್ಲಿದ್ದವರಲ್ಲಿ ಉಳಿದವರು ಅಂಗಡಿಯ ಮಾಲೀಕರೊಬ್ಬರೇ. ಅವರು ಲೋಟ ತೊಳೆಯುತ್ತಲೇ ಕೇಳಿದರು: “ಯಾವ ಗಾಡಿ ಬಾಯಾರ? ನನಗೇನೂ ನೆನಪಿಲ್ಲಲ್ಲ.”

ಹೊರಗೆ ನಾರಾಯಣ ಮಿಸ್ತ್ರಿಯವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗಾಳಿ ಎಲ್ಲಿ ಸೋರುತ್ತದೆಂದು ನೋಡುತ್ತಿದ್ದರು. ನಾನು ಹೇಳಿದ್ದು ಅವರಿಗೆ ಕೇಳಿಸಿತ್ತು. ನಾನು ಬಸ್ಸು ಹತ್ತುವ ತನಕ ಅವರು ನನ್ನ ಕಡೆ ತಿರುಗಲಿಲ್ಲ.