ಎಲ್ಲರ ಅಜ್ಜಿಯ ಚೀಲವೂ ಸಿರಾ ಬಸ್ಸಿನಲ್ಲಿ

ಮಕ್ಕಳಿಗೆ ಕನ್ನಡ ಬರೆಯಲು ಕಲಿಸುವುದು ನನ್ನ ಕಸುಬಲ್ಲ. ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಬಹಳ ವರ್ಷ ಕರಡು ತಿದ್ದುತ್ತಿದ್ದೆ, ಕಣ್ಣಿನ ತೊಂದರೆಯಿಂದ ಬಿಟ್ಟೆ, ಅಷ್ಟೆ. ಆದರೆ 'ಆ ಆಂಟಿಗೆ ಕನ್ನಡ ಚೆನ್ನಾಗಿ ಬರುತ್ತದೆ' ಎಂದು ನಮ್ಮ ಬೀದಿಯಲ್ಲಿ ಯಾರೋ ನನ್ನ ಬಗ್ಗೆ ಹಬ್ಬಿಸಿದರು. ಇಂಗ್ಲಿಷ್ ಮೀಡಿಯಂ ಮಕ್ಕಳ ತಾಯಂದಿರಿಗೆ ಅಷ್ಟೇ ಸಾಕಾಯಿತು. ಸಂಜೆಯಾದರೆ ನಮ್ಮ ಹಾಲಿನಲ್ಲಿ ಚಾಪೆ, ಚಾಪೆಯ ತುಂಬ ಏಳನೇ ಕ್ಲಾಸಿನ ಮಕ್ಕಳು.

ವ್ಯಾಕರಣದ ತಪ್ಪುಗಳಿಗೆ ನಾನು ಹೆದರಲಿಲ್ಲ. ಅವರ ವಾಕ್ಯಗಳಲ್ಲಿ ಅಪ್ಪ ಬರುವಾಗ 'ಬಂದರು', ಕಾಫಿ ಕುಡಿಯುವ ಹೊತ್ತಿಗೆ 'ಕುಡಿದನು'. ಇಂಥದ್ದನ್ನು ಗದರಿಸಿ, ನಗಿಸಿ, ಹತ್ತು ಸಲ ಓದಿಸಿ ಸರಿಮಾಡಬಹುದು. ನನ್ನ ತಲೆ ಕೆಡುತ್ತಿದ್ದುದು ಪ್ರಬಂಧದಲ್ಲಿ. 'ನನ್ನ ಅಜ್ಜಿ' ಎಂದು ಬರೆಯಲು ಹೇಳಿದರೆ ಎಲ್ಲರ ಅಜ್ಜಿಗೂ ಕೂದಲು ಬೆಳ್ಳಗಿರುತ್ತಿತ್ತು, ಎಲ್ಲರೂ ರಾತ್ರಿ ನೀತಿಕತೆ ಹೇಳುತ್ತಿದ್ದರು, ಎಲ್ಲರೂ ಉಪಸಂಹಾರದಲ್ಲಿ ದೇವರ ಸಮಾನರಾಗುತ್ತಿದ್ದರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಒಂದು ದಿನ ಸಿಟ್ಟು ಬಂದು, "ಗೈಡು ಮುಚ್ಚಿ. ನಿಮ್ಮಜ್ಜಿ ಏನಾದ್ರೂ ಎಡವಟ್ಟು ಮಾಡ್ಕೊಂಡಿದ್ರೆ ಅದನ್ನ ಬರೀರಿ" ಎಂದೆ.

ಮಕ್ಕಳೆಲ್ಲ ಪೆನ್ನು ಕಚ್ಚುತ್ತ ಕೂತರು. ಬರೆದವಳು ಒಬ್ಬಳೇ, ಅದೂ ಎಲ್ಲರಿಗಿಂತ ಹಿಂದಿದ್ದ ಹುಡುಗಿ. ಇವಳ ಅಜ್ಜಿ ಗುಬ್ಬಿಯವರು. ಕನ್ನಡದಲ್ಲಿ ಮಾರ್ಕ್ಸ್ ಬರುವುದಿಲ್ಲ, ಈ ಸಲವೂ ಬರದಿದ್ದರೆ ಎಂಟನೇ ಕ್ಲಾಸಿಗೆ ಕನ್ನಡ ಬಿಡಿಸಿ ಸಂಸ್ಕೃತ ಕೊಡಿಸುತ್ತೇವೆ ಎಂದು ಅವಳ ತಾಯಿ ಮೊದಲ ದಿನವೇ ನನಗೆ ಹೇಳಿಹೋಗಿದ್ದರು. ಸಂಸ್ಕೃತದಲ್ಲಿ ಮಾರ್ಕ್ಸ್ ಬೀಳುವುದು ಸುಲಭವಂತೆ. ಹುಡುಗಿ ಮಾತ್ರ ಬಾಗಿಲ ಹತ್ತಿರ ನಿಂತು, "ನಂಗೆ ಕನ್ನಡಾನೇ ಬೇಕು" ಎಂದು ಗೊಣಗಿದ್ದಳು.

ಅವಳು ಬರೆದದ್ದು ಇಷ್ಟು. ಅಜ್ಜಿ ಯಡಿಯೂರಿನ ದೇವರಿಗೆಂದು ಚೀಲದಲ್ಲಿ ತೆಂಗಿನಕಾಯಿ, ವೀಳ್ಯದೆಲೆ ತುಂಬಿಕೊಂಡು ಗುಬ್ಬಿಯಿಂದ ಬಂದು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ಕುಣಿಗಲ್ ಕಡೆಯ ಬಸ್ಸು ಬಂತೆಂದು ನುಗ್ಗಿ, ಸೀಟು ಹಿಡಿಯಲು ಚೀಲವನ್ನೇ ಕಿಟಕಿಯೊಳಗೆ ಎಸೆದರು. ಅದು ಸಿರಾ ಬಸ್ಸು. ಜನ ಇವರನ್ನು ಹತ್ತಲು ಬಿಡಲಿಲ್ಲ, ಚೀಲ ಸಿರಾಕ್ಕೆ ಹೋಯಿತು. ಅಜ್ಜಿ ಬರಿಗೈಯಲ್ಲೇ ಯಡಿಯೂರಿಗೆ ಹೋಗಿ, ದೇವರೆದುರು ನಿಂತು, "ನಿನ್ ಕಾಯಿ ಸಿರಾ ಬಸ್ಸಾಗೆ ಹೋಯ್ತು ಕಣಪ್ಪ, ನೀನೇ ಹೋಗಿ ಇಸ್ಕೊ" ಎಂದರಂತೆ.

ಓದಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಆಮೇಲೆ ಕೆಂಪು ಪೆನ್ನು ತೆಗೆದೆ. ಪ್ರತಿ ಸಾಲಿಗೂ ಕೆಲಸವಿತ್ತು. 'ಬಸ್ಸಾಗೆ' ಎಂಬುದನ್ನು ಹೊಡೆದು 'ಬಸ್ಸಿನಲ್ಲಿ' ಎಂದು ಬರೆದಾಗ ಹುಡುಗಿ, "ನಮ್ಮಜ್ಜಿ ಹಂಗೆ ಮಾತಾಡಲ್ಲ ಆಂಟಿ" ಎಂದಳು. ನಿಜವೇ. ಅಜ್ಜಿಯ ಮಾತನ್ನು ಹಾಗೇ ಉಳಿಸಿ, ಉಳಿದದ್ದನ್ನೆಲ್ಲ ತಿದ್ದಿದೆವು. ಸಾಲಿನಿಂದ ಸಾಲಿಗೆ ಅವಳೇ ಮುಂದಾಗಿ ತಪ್ಪು ಹುಡುಕತೊಡಗಿದಳು. ಎರಡು ಸಂಜೆ ಕೂತು ಶುದ್ಧ ಪ್ರತಿ ಮಾಡಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅದರ ಫೋಟೋ ತೆಗೆದು ತಾಯಂದಿರ ವಾಟ್ಸಾಪ್ ಗ್ರೂಪಿಗೆ ಹಾಕಿ, ಬರೆದರೆ ಹೀಗೆ ಬರೆಯಬೇಕು ಎಂದು ಕೆಳಗೆ ಸೇರಿಸಿದೆ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು.

ಪರೀಕ್ಷೆ ಮುಗಿದ ವಾರ ಮಕ್ಕಳ ಶಾಲೆಯ ಕನ್ನಡ ಮಿಸ್ ನನಗೆ ಫೋನ್ ಮಾಡಿದರು.

"ಮೇಡಂ, ನಿಮ್ಮ ಟ್ಯೂಷನ್ ಮಕ್ಕಳ ಅಜ್ಜಿಯರೆಲ್ಲಾ ಸಿರಾ ಬಸ್ಸಿಗೆ ಚೀಲ ಎಸ್ದಿದಾರಲ್ಲ, ಏನ್ ವಿಷ್ಯ?"

ಏನೂ ಅರ್ಥವಾಗದೆ ಶಾಲೆಗೇ ಹೋದೆ. ಮಿಸ್ ಉತ್ತರಪತ್ರಿಕೆಗಳನ್ನು ಮುಂದಿಟ್ಟರು. ತಾಯಂದಿರು ಆ ಫೋಟೋವನ್ನು ಪ್ರಿಂಟ್ ಹಾಕಿಸಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಆಂಟಿಯೇ ಕಳಿಸಿದ ಮೇಲೆ ಅದು ಗ್ಯಾರಂಟಿ ಪ್ರಶ್ನೆ ಎಂದುಕೊಂಡಿದ್ದರಂತೆ, ಅದೇ ಪ್ರಶ್ನೆ ಬಂದೂ ಬಿಟ್ಟಿತ್ತು. ಒಂದೇ ಕಾಯಿ, ಒಂದೇ ಬಸ್ಸು, ದೇವರಿಗೆ ಅದೇ ಮಾತು. ಸ್ವಂತಿಕೆ ಇರಲಿ ಎಂದು ಒಬ್ಬ ಹುಡುಗ ಬಸ್ಸು ತೆಗೆದು ರೈಲು ಹಾಕಿದ್ದ. ಆದರೂ ಅವನ ಅಜ್ಜಿ ದೇವರಿಗೆ ಸಿರಾ ಬಸ್ಸು ಎಂದೇ ಹೇಳಿದ್ದರು.

"ಮಾರ್ಕ್ಸ್ ಕೊಟ್ರಾ?" ಎಂದು ಕೇಳಿದೆ.

"ಒಂದು ತಪ್ಪೂ ಇಲ್ಲ, ಏನಂತ ಕಟ್ ಮಾಡ್ಲಿ ಹೇಳಿ? ಹಿಂದೆಲ್ಲ ಗೈಡಿನ ಅಜ್ಜಿಗೆ ಕೊಡ್ತಿದ್ದೆ, ಈ ಸಲ ಸಿರಾ ಬಸ್ಸಿನ ಅಜ್ಜಿಗೆ ಕೊಟ್ಟೆ."

ಅವರದೂ ಸರಿಯೇ ಅನ್ನಿಸಿತು. ಹಾಗಾದರೆ ತಪ್ಪು ಯಾರದು? ಗೈಡಿನ ಸತ್ತ ಪ್ರಬಂಧದ ಬದಲು ಜೀವ ಇರುವುದೊಂದನ್ನು ಮಕ್ಕಳು ಉರು ಹೊಡೆದರೆ ಅದು ಸುಧಾರಣೆಯಲ್ಲವೆ? ನಾನೂ ಚಿಕ್ಕವಳಾಗಿದ್ದಾಗ ಕಾಪಿ ಬರೆದೇ ಅಕ್ಷರ ತಿದ್ದಿಕೊಂಡವಳು. ಯೋಚಿಸಿದಷ್ಟೂ ಗೋಜಲಾಯಿತು. ಕೊನೆಗೆ ಆ ಹುಡುಗಿಯ ಉತ್ತರಪತ್ರಿಕೆ ಕೇಳಿ ನೋಡಿದೆ. ಅವಳು ಅಜ್ಜಿಯನ್ನು ಬರೆದೇ ಇರಲಿಲ್ಲ. ಆಯ್ಕೆಗೆ ಕೊಟ್ಟಿದ್ದ 'ಗ್ರಂಥಾಲಯದ ಮಹತ್ವ' ಬರೆದಿದ್ದಳು. ಗ್ರಂಥಾಲಯದ ಒಳಗೆ ಕಾಲಿಟ್ಟವಳೇ ಅಲ್ಲ. ಸಾಲಿಗೊಂದು ತಪ್ಪು, ಇಡೀ ಗುಂಪಿನಲ್ಲಿ ಕಡಿಮೆ ಮಾರ್ಕ್ಸ್ ಅವಳದೇ.

ಮನೆಗೆ ಬಂದು ನಮ್ಮೆಜಮಾನರಿಗೆ ಹೇಳಿದರೆ, "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೆ ಕಣೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಕುಣಿಗಲ್ಲಿನಿಂದ ರೈಲು ಹುಡುಗನ ಅಜ್ಜಿಯ ಫೋನು. ಮೊಮ್ಮಗ ಮಾರ್ಕ್ಸ್ ಬಂದ ಖುಷಿಗೆ ಪ್ರಬಂಧವನ್ನು ಅವರಿಗೆ ಒಪ್ಪಿಸಿದ್ದನಂತೆ.

"ಅಲ್ಲ ಕಣ್ ತಾಯಿ, ನಾನ್ಯಾವಾಗ ಕಾಯಿ ಚೀಲ ಕಳ್ಕಂಡೆ? ಕುಣಿಗಲ್ಲಿಂದ ಯಡಿಯೂರಿಗೆ ಹೋಗಾಕೆ ನಂಗೆ ಸಿರಾ ಬಸ್ ಯಾಕ್ ಬೇಕು? ರೈಲು ಬೇರೆ ಹತ್ತಿಸವ್ನೆ. ನನ್ ಬಗ್ಗೆ ಬರಿಯಾಕೆ ಏನೂ ಇರ್ಲಿಲ್ವಾ ಅವ್ನಿಗೆ?"

ಕೊನೆಯ ಮಾತಿಗೆ ಅವರ ದನಿ ಇಳಿದಿತ್ತು. ನಾನು ಏನೇನೋ ಸಮಾಧಾನ ಹೇಳಿದೆ. ಏನು ಹೇಳಿದೆನೆಂದು ನನಗೇ ನೆನಪಿಲ್ಲ.

ಮಾರನೆಯ ದಿನ ಉಳಿದ ತಾಯಂದಿರು ಸೇರಿ ಹಣ್ಣಿನ ಬುಟ್ಟಿ ತಂದುಕೊಟ್ಟರು. ಮುಂದಿನ ಪರೀಕ್ಷೆಗೂ ಹೀಗೇ ಒಂದು ಕಳಿಸಿ ಎಂದರು. ಗುಬ್ಬಿ ಹುಡುಗಿಯ ತಾಯಿ ಬುಟ್ಟಿ ತರಲಿಲ್ಲ. ಸಂಸ್ಕೃತಕ್ಕೆ ಹೆಸರು ಕೊಟ್ಟು ಬಂದೆವು, ನಿಮಗೆ ತೊಂದರೆ ಕೊಟ್ಟೆವು ಎಂದು ಹೇಳಿ ಹೊರಟೇಹೋದರು. ಬುಟ್ಟಿಯ ಹಣ್ಣನ್ನು ಯಾರಿಗೋ ಕೊಟ್ಟುಬಿಟ್ಟೆ.

ಹುಡುಗಿ ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ವಾರ ಕಳೆದ ಮೇಲೆ ಒಂದು ಸಂಜೆ, ಮಕ್ಕಳೆಲ್ಲ ಹೋದ ಮೇಲೆ ಬಂದಳು. ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ.

"ಅಜ್ಜಿ ಬಗ್ಗೆ ಯಾಕಮ್ಮ ಬರೀಲಿಲ್ಲ? ನಿನಗೇ ಬರ್ತಿತ್ತಲ್ಲ."

"ಬೆಳಿಗ್ಗೆ ಗೇಟ್ ಹತ್ರ ಎಲ್ರೂ ನಮ್ಮಜ್ಜೀನೇ ಬಾಯಿಪಾಠ ಮಾಡ್ತಿದ್ರು ಆಂಟಿ. ನಾನು ಬರೆದ್ರೂ ಅದ್ರಲ್ಲಿ ಇನ್ನೊಂದು ಆಗ್ತಿತ್ತು. ನಮ್ಮಜ್ಜಿ ಮನೇಲೇ ಇರ್ಲಿ ಅಂತ ಬಿಟ್ಟೆ."

ಮಾರ್ಕ್ಸ್ ಬರದಿದ್ದರೆ ಕನ್ನಡವೇ ಕೈತಪ್ಪುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಿದ್ದಳು. ಅದು ಸರಿ ಎನ್ನಲೋ, ದಡ್ಡತನ ಎಂದು ಬೈಯಲೋ ತಿಳಿಯಲಿಲ್ಲ. ಅವಳು ಫ್ರಾಕಿನ ಜೇಬಿನಿಂದ ಮಡಿಸಿದ ಹಾಳೆ ತೆಗೆದು ನನ್ನ ಮುಂದೆ ಹಿಡಿದಳು.

"ಹೊಸದು. ತಪ್ಪು ತಿದ್ಕೊಡಿ ಆಂಟಿ. ಆದ್ರೆ ಯಾರಿಗೂ ತೋರಿಸ್ಬೇಡಿ."

ಬರೆಯುವುದು ನಾಲ್ಕು ಜನ ಓದಲಿ ಎಂದೇ ಎಂದು ಆ ಚಾಪೆಯ ಮೇಲೆ ಎಷ್ಟು ಸಲ ಹೇಳಿದ್ದೆನೋ. ಅದನ್ನು ಇನ್ನೊಮ್ಮೆ ಹೇಳಲು ಬಾಯಿ ಬರಲಿಲ್ಲ. ಮೊಬೈಲನ್ನು ಒಳಕೋಣೆಯಲ್ಲಿಟ್ಟು ಬಂದು ಅವಳ ಪಕ್ಕ ಕೂತೆ. ಮೊದಲ ಸಾಲಿನಲ್ಲೇ ಎರಡು ತಪ್ಪಿದ್ದವು.