ಗಿಳಿಹಸಿರು ಹೊಸ್ತಿಲು

ಹೆಣ್ಣು ನೋಡಲು ಹೋದ ದಿನ ತಟ್ಟೆಯ ಉಪ್ಪಿಟ್ಟು ಮುಗಿಯುವ ಮೊದಲೇ ಒಪ್ಪಿಗೆ ಕೊಟ್ಟವನು ನಾನು. ಒಂದು ಬಾಗಿಲು, ನಾಲ್ಕು ಕಿಟಕಿಗೆ ಬಣ್ಣ ಆರಿಸಲು ಮಾತ್ರ ಎರಡು ತಿಂಗಳು ತೆಗೆದುಕೊಂಡೆ. ನನ್ನ ಹೆಂಡತಿ ಕಮಲ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಹೇಳುವಾಗ ಅವಳಿಗೆ ಹೆಮ್ಮೆಯೋ ಅಸಮಾಧಾನವೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ತಡಕ್ಕೆ ಕಾರಣವಿತ್ತು. ರಾಜಾಜಿನಗರದಲ್ಲಿ ನಮಗೆ ಸಿಕ್ಕ ಮನೆ ಹನ್ನೆರಡು ಮನೆಗಳ ಸಾಲಿನಲ್ಲಿ ಐದನೆಯದು. ಎಲ್ಲವೂ ಒಂದೇ ಅಚ್ಚಿನ ಇಟ್ಟಿಗೆಗಳ ಹಾಗೆ. ಅದೇ ಗೋಡೆ, ಅದೇ ಮಾಸಲು ಬಾಗಿಲು. ನನ್ನ ತಾಯಿಗೋ ದೂರದ್ದು ಕಾಣದು. ಒಂದು ಸಂಜೆ ಗುಡಿಯಲ್ಲಿ ಹರಿಕಥೆ ಕೇಳಿ ಬಂದವಳು ನೇರ ಪಕ್ಕದ ಮನೆಗೆ ನುಗ್ಗಿ, ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದವಳನ್ನು ತನ್ನ ಸೊಸೆಯೆಂದೇ ತಿಳಿದು, "ಸಾರಿಗೆ ಅಷ್ಟೊಂದು ಹುಣಸೆಹಣ್ಣು ಯಾಕೇ ಹಾಕ್ತೀಯ?" ಎಂದು ಗದರಿದಳು. ಆ ಮನೆಯ ಲಲಿತ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಹಿರಿಯರಿಗೆ ಎದುರಾಡಬಾರದೆಂದು "ಆಯ್ತಮ್ಮ" ಎಂದು ಅರ್ಧ ಹುಣಸೆರಸ ಚೆಲ್ಲಿಬಿಟ್ಟಳಂತೆ. ಅಂದಿನ ಸಾರು ಎಂದಿಗಿಂತ ಚೆನ್ನಾಗಿತ್ತೆಂದು ಅವಳ ಗಂಡನೇ ನನಗೆ ಗುಟ್ಟಾಗಿ ಹೇಳಿದ.

ಆದರೆ ಅಮ್ಮ ನಾಚಿಕೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಳು. ಸಂಜೆ ಹರಿಕಥೆಯ ಮೃದಂಗ ಕೇಳಿಸಿದರೆ ಎದ್ದು ಬಂದು ಕಿಟಕಿಯ ಸರಳು ಹಿಡಿದು ಕೂರುವಳು. ಬೀದಿಯ ಕೊನೆಯಿಂದಲೇ ಕಣ್ಣಿಗೆ ಹೊಡೆಯುವಂಥ ಬಣ್ಣ ಬಳಿಸಿದರೆ ಅವಳು ಮತ್ತೆ ಹೊರಟಾಳೆಂದು ನಿಶ್ಚಯಿಸಿದೆ.

ಆದರೆ ಯಾವ ಬಣ್ಣ? ಆರು ರುಚಿ, ಏಳು ಸ್ವರ, ಒಂಬತ್ತು ರಸ ಎಂದು ಸಕಲವನ್ನೂ ಎಣಿಸಿಟ್ಟ ನಮ್ಮ ಪೂರ್ವಿಕರು ಬಣ್ಣಗಳ ಹೆಸರನ್ನು ಮಾತ್ರ ತರಕಾರಿ ಬುಟ್ಟಿಗೂ ಹೂವಾಡಗಿತ್ತಿಗೂ ಒಪ್ಪಿಸಿ ಕೈತೊಳೆದುಕೊಂಡಿದ್ದಾರೆ. ಕಮಲ ಬದನೆಕಾಯಿ ಬಣ್ಣ ಎಂದಳು. ಬದನೆಯಲ್ಲಿ ಹಸಿರೂ ಉಂಟಲ್ಲ ಎಂದು ವಿಚಾರಿಸಿ ಬೈಸಿಕೊಂಡೆ. ಕಚೇರಿಯ ಹೆಡ್ ಗುಮಾಸ್ತರು, "ಕಾಫಿ ಬಣ್ಣ ಬಳಿಸ್ರೀ, ಕೊಳೆ ಕಾಣ್ಸಲ್ಲ" ಎಂದರು. ಅವರ ಅಂಗಿಗಳೂ ಅದೇ ತತ್ತ್ವದವು. ಬಣ್ಣದ ಮಸ್ತಾನ್ ಸಾಬರು ಪ್ರತಿಯೊಬ್ಬರ ಸಲಹೆಯನ್ನೂ ಅಂಗೈಯಗಲ ಬಳಿದು ತೋರಿಸಿ, ಹಿಂದಿನ ಕಿಟಕಿ ಅಜ್ಜಿಯ ಕೌದಿಯಂತಾಯಿತು. ಕೊನೆಗೆ ಅವರೂ ಬೇಸತ್ತು, "ಸ್ವಾಮಿ, ಕಿಟಕಿಗೆ ಬಣ್ಣ ಬಳೀಬೇಕೋ, ಜಾತಕ ನೋಡ್ಬೇಕೋ?" ಎಂದರು. ಆ ಮಾತಿಗೆ ರೋಷ ಬಂದು, ಗಿಳಿಹಸಿರು ಎಂದುಬಿಟ್ಟೆ.

ಬಾಗಿಲು ನಿಜಕ್ಕೂ ಹೊಳೆಯಿತು. ನನ್ನ ಉತ್ಸಾಹವೂ ಉಕ್ಕಿತು. ಡಬ್ಬಿಯಲ್ಲಿ ಉಳಿದದ್ದನ್ನು ಹೊಸ್ತಿಲಿಗೂ ಬಳಿಯಿರಿ ಎಂದೆ. ಕಮಲ, "ಹೊಸ್ತಿಲಿಗೆ ಬೇಡಾರೀ, ಅರಿಶಿನ ಹತ್ತಲ್ಲ" ಎಂದಳು. ಗಂಡಸಿನ ಮಾತು ಹೊಸ್ತಿಲಲ್ಲೇ ನಿಲ್ಲಬಾರದಲ್ಲ! ಎರಡು ಕೈ ಬಳಿಸಿದೆ. ಮರುದಿನ ಅವಳು ಹಚ್ಚಿದ ಅರಿಶಿನ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿತು; ರಂಗೋಲಿ ಗಾಳಿಗೆ ಹಾರಿತು. ನಾನು ಕಾಣದವನಂತೆ ಕಚೇರಿಗೆ ನಡೆದೆ.

ಆ ಸಂಜೆ ಬಲವಂತ ಮಾಡಿ ಅಮ್ಮನನ್ನು ಹರಿಕಥೆಗೆ ಕಳಿಸಿ, ಒಳಗೆ ಕೂತು ಕಾದೆ. ಹರಿಕಥೆ ಮುಗಿಯಿತು, ಮಂಗಳಾರತಿಯ ಗಂಟೆಯೂ ನಿಂತಿತು, ಅಮ್ಮ ಬರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದರೆ, ಹನ್ನೆರಡನೆಯ ಮನೆಯಾಕೆ ಅವಳ ಕೈಹಿಡಿದು ನಡೆಸಿಕೊಂಡು ಬರುತ್ತಿದ್ದರು.

ಹೆದರಿಕೆ ಇಳಿದೊಡನೆ ಸಿಟ್ಟು ಬಂತು. "ಇಷ್ಟು ದೊಡ್ಡ ಹಸಿರು ಬಾಗಿಲು ಕಾಣ್ಸಲಿಲ್ವೇನಮ್ಮ?"

"ಬಾಗಿಲು ಯಾರು ನೋಡ್ತಾರೋ? ಕಲ್ಲು ಎಡವೀನಿ ಅಂತ ತಲೆ ಬಗ್ಗಿಸಿ ನಡೆಯೋಳು ನಾನು. ಹೊಸ್ತಿಲ ಮೇಲೆ ನಮ್ಮ ಕಮಲ ರಂಗೋಲೀಲಿ ಬಿಡಿಸೋ ಜೋಡಿ ಶಂಖ ಕಂಡ್ರೆ ಒಳಗೆ ಬರೋದು. ಇವತ್ತು ಇಲ್ಲೊಂದು ಹೊಸ್ತಿಲು ಬೋಳಾಗಿತ್ತು. ಅಯ್ಯೋ ಪಾಪ, ಯಾರೋ ಸೂತಕದ ಮನೆಯೋರು ಅಂತ ಬಿರಬಿರನೆ ದಾಟ್ಕೊಂಡು ಹೋದೆ ಕಣಪ್ಪ."

ಗಿಳಿಹಸಿರಿಗೆ ಅದಕ್ಕಿಂತ ದೊಡ್ಡ ಅವಮಾನ ಆಗಿರಲಾರದು. "ಹಾಗಾದ್ರೆ ಮೊದಲನೇ ಸಲ ಪಕ್ಕದ ಮನೆಗೆ ಹೋಗಿದ್ದು?" ಎಂದೆ.

"ಆವತ್ತೊಂದು ದಿನ ಲಲಿತಾಗೆ ಅವಳ ಹೊಸ್ತಿಲಲ್ಲೇ ಶಂಖ ಬಿಡಿಸೋದು ಹೇಳ್ಕೊಟ್ಟಿದ್ದೆ," ಎಂದು ಕಮಲ ಒಳಗಿನಿಂದ ಸಣ್ಣ ದನಿಯಲ್ಲಿ ಹೇಳಿದಳು. ಎರಡು ತಿಂಗಳು ಊರನ್ನೆಲ್ಲ ಕೇಳಿದ್ದೆ. ಯಾರಿಗಾಗಿ ಬಣ್ಣವೋ ಆ ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಭಾನುವಾರವಿಡೀ ಗಾಜಿನ ಚೂರು ಹಿಡಿದು ಹೊಸ್ತಿಲ ಬಣ್ಣ ಹೆರೆದೆ. ದಾರಿಹೋಕರೆಲ್ಲ ನಿಂತು ಉಪಾಯ ಹೇಳಿದರು. ಒಬ್ಬರೂ ಗಾಜು ಹಿಡಿಯಲಿಲ್ಲ. ಮರ ಕಂಡ ಮೇಲೆ ಕಮಲ ಅರಿಶಿನ ಬಳಿದು ಜೋಡಿ ಶಂಖ ಬಿಡಿಸಿದಳು. ಲಲಿತ ಧಾರಾಳವಾಗಿ ಶಂಖವನ್ನು ನಮಗೇ ಬಿಟ್ಟು, ತನ್ನ ಹೊಸ್ತಿಲಿಗೆ ತಾವರೆ ಮಾಡಿಕೊಂಡಳು. ಅಮ್ಮ ಈಗ ದಿನವೂ ಹರಿಕಥೆಗೆ ಹೋಗುತ್ತಾಳೆ. ಬಂದು ಯಾರ ಸಾರಿಗೆ ಹುಳಿ ಹೆಚ್ಚೆಂಬುದನ್ನು ಸರಿಯಾದ ಮನೆಯಲ್ಲೇ ಹೇಳುತ್ತಾಳೆ.

ನಮ್ಮ ಬಾಗಿಲು ನೋಡಿ ಮೆಚ್ಚಿದವರು ಒಬ್ಬೊಬ್ಬರಾಗಿ ಮಸ್ತಾನ್ ಸಾಬರನ್ನು ಕರೆಸಿ, ದೀಪಾವಳಿಯ ಹೊತ್ತಿಗೆ ಹನ್ನೆರಡು ಬಾಗಿಲೂ ಗಿಳಿಹಸಿರಾಗಿವೆ. ಹೀಗಾಗಿ ಸಂಜೆ ಬಸ್ಸಿಳಿದು ಬರುವಾಗ ನಾನೂ ತಲೆ ತಗ್ಗಿಸಿ, ಹೊಸ್ತಿಲು ನೋಡುತ್ತಲೇ ನಡೆಯುತ್ತೇನೆ. ಎಷ್ಟು ವಿನಯವಂತರು ಎಂದು ಬೀದಿಯವರು ಹೊಗಳುತ್ತಾರಂತೆ. ಕಮಲ ಮಾತ್ರ ನಗುತ್ತಾಳೆ.